ಹೊಳಪಮ್ಮನ ಕೂದಲೆಳೆ ಬಿರುಕು

ಹತ್ತಿರ ಬನ್ನಿ, ಬಾಗಿಲು ಮುಂದೆ ಮಾಡಿ. ಕೇಳಿದ್ದು ಹೊಟ್ಟೆಯೊಳಗೇ ಇರಲಿ, ಯಾರ ಮುಂದೂ ಬಾಯಿ ಬಿಡಬೇಡಿ. ನೆಲದಡಿಯ ಒಂದು ಮನೆಯ ಗುಟ್ಟು ಇದು.

ಒಂದೂರಿನ ಕಾರ್ಖಾನೆಯವರು ಚಿಮಣಿಯ ಇಂಗಾಲದ ಗಾಳಿಯನ್ನು ಆಕಾಶಕ್ಕೆ ಬಿಡದೆ ಹಿಡಿದು, ಪಾತಾಳದ ಕಲ್ಲುಗಳ ನಡುವೆ ಮಲಗಿಸುತ್ತಿದ್ದರು. ಸೋಡಾದಲ್ಲಿ ಬುರುಬುರು ಉಕ್ಕುವ ಗಾಳಿ ಇದೆಯಲ್ಲ, ಅದೇ. ಅದನ್ನು ಕೆಳಗಿಳಿಸಲು ಕೊಳವೆಬಾವಿಯೊಳಗೆ ಒಂದು ಸ್ಟೀಲ್ ಪೈಪು ಇಳಿಬಿಟ್ಟರು. ಅವಳೇ ಹೊಳಪಮ್ಮ.

ಏನು ಬಿಂಕ ಅಂತೀರಿ! ಹುಟ್ಟಿದ್ದು ಕಬ್ಬಿಣದ ಮನೆತನದಲ್ಲೇ. ತುಕ್ಕು ತಡೆಯುವ ಕ್ರೋಮಿಯಂ ಚೂರು ಬೆರೆತದ್ದೇ ತಡ, ತುಕ್ಕು ಹಿಡಿದ ಅಕ್ಕತಂಗಿಯರ ಗುರುತೇ ಮರೆತುಬಿಟ್ಟಳು. "ನಮ್ಮ ಮೈಗೆ ಕಲೆ ಅನ್ನೋದೇ ಇಲ್ಲ" ಎಂದು ನೆರೆಮನೆಯ ಬಂಡೆಯಕ್ಕನಿಗೆ ದಿನಾ ಹೇಳುವಳು.

ಬಾವಿಯ ಬಾಯಿಯ ಹತ್ತಿರದ ತಗ್ಗಿನಲ್ಲಿ ಕಾವಲುಗಾರ ದ್ಯಾವಣ್ಣನ ಗುಡಿಸಲು. ಬೆಳಗಾದರೆ ಪೈಪು ತಟ್ಟಿ ಕಿವಿಗೊಡುವನು. "ಹೆಂಗಿದ್ದೀಯವ್ವಾ?"

"ನಂಗೇನಾಗಿದೆ ಅಣ್ಣಾ! ಥಳಥಳ ಅಂತಿದ್ದೀನಿ."

ಕೆಳಗೆ ಹಗಲಿಲ್ಲ, ಇರುಳಿಲ್ಲ. ಎಂದೋ ಇಂಗಿಹೋದ ಕಡಲೊಂದು ಕಲ್ಲಿನೊಳಗೆ ಉಪ್ಪುಪ್ಪಾಗಿ ಕನವರಿಸುತ್ತಿತ್ತು. ಗಾಳಿ ಕರಗಿದಂತೆಲ್ಲ ಆ ನೀರು ಹುಳಿಯಾಗುವುದು. ಗಾಳಿ ತುಂಬುವ ಪಂಪು ಒತ್ತಿದರೆ ಹೊಳಪಮ್ಮನ ಮೈ ಹಿಗ್ಗುವುದು, ಬಿಟ್ಟರೆ ಕುಗ್ಗುವುದು. ತೊಟ್ಟಿಲಲ್ಲಿಟ್ಟು ತೂಗಿದ ಹಾಗೆ ಅವಳಿಗೆ ಜೊಂಪು.

ಹೀಗೆ ತೂಗಿ ತೂಗಿ, ಅವಳ ಸೊಂಟದಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು. ಮೊದಲೂ ಮೈ ತರಚಿದ್ದುಂಟು, ಕ್ರೋಮಿಯಂ ತೆಳುಪೊರೆ ಕಟ್ಟಿ ತಾನೇ ಮಾಯುತ್ತಿತ್ತು. ಈಗ ಮಾಯುವ ಮೊದಲೇ ಪಂಪು ಮತ್ತೆ ಎಳೆಯುವುದು. ಬಾಯ್ಬಿಟ್ಟ ಬಿರುಕಿಗೆ ಹುಳಿನೀರು ಮೆಲ್ಲಗೆ ನುಸುಳುವುದು.

ಬಂಡೆಯಕ್ಕನ ಕಣ್ಣಿಗೆ ಅದು ಬೀಳದೆ ಇದ್ದೀತೇ? "ಲೇ ಹೊಳಪಿ, ಸೊಂಟ ನೋಡ್ಕೊಂಡೆಯೇನೇ? ಮೇಲೆ ದ್ಯಾವಣ್ಣನ ಹೆಂಡತಿ ತುಂಬಿದ ಬಸುರಿ. ಈ ಭಾರದ ಗಾಳಿ ಬಾವಿಯಿಂದ ಹೊರಬಿದ್ದು ಆ ತಗ್ಗಿನಲ್ಲಿ ಮಡುಗಟ್ಟಿದರೆ ಅವರಿಗೆ ಉಸಿರು ಸಿಗಲ್ಲ. ನಾಳೆ ಕೇಳ್ತಾನಲ್ಲ, ಹೇಳಿಬಿಡು."

"ಸುಮ್ನಿರಕ್ಕಾ. ಆ ತುಕ್ಕುಮೂತಿಗಳೆಲ್ಲ ಕೈ ತಟ್ಟಿ ನಗಲಿ ಅಂತಲೇ?"

ಮರುದಿನ ದ್ಯಾವಣ್ಣ ತಟ್ಟಿದ. "ಹೆಂಗಿದ್ದೀಯವ್ವಾ? ದನಿ ಯಾಕೋ ಬೇರೆ ಇದೆ."

ಬಿರುಕಿನ ಮಾತು ಹೊಳಪಮ್ಮನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ನಂಗೇನಾಗಿದೆ ಅಣ್ಣಾ!"

ಬಿರುಕು ದಿನದಿನಕ್ಕೂ ಬೆಳೆಯಿತು. ಒಂದು ಮುಸ್ಸಂಜೆ ದ್ಯಾವಣ್ಣನ ಹೆಂಡತಿ ನೆಲದ ಮೇಲೆ ಹಚ್ಚಿಟ್ಟ ದೀಪ ಗಾಳಿ ಬೀಸದೆಯೇ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಅಂಗಳದ ಕೋಳಿಗಳು ಕನಸು ಬಿದ್ದಂತೆ ಒಂದೊಂದೇ ಒರಗಿದವು. ದ್ಯಾವಣ್ಣ ಓಡಿಬಂದ. ಹೆಂಡತಿಯ ರಟ್ಟೆ ಹಿಡಿದು, ಏದುಸಿರಿನಲ್ಲೇ ದಿಬ್ಬ ಹತ್ತಿಸಿದ. ಜೀವ ಉಳಿಯಿತು. ಸಾಕಿದ ಕೋಳಿ ಉಳಿಯಲಿಲ್ಲ, ಕಟ್ಟಿದ ಮನೆಗೆ ಮತ್ತೆ ಕಾಲಿಡುವಂತಿರಲಿಲ್ಲ.

ಕಾರ್ಖಾನೆಯವರು ಬಂದು ಪಂಪು ನಿಲ್ಲಿಸಿ, ಗಾಳಿ ಹೊರಬರದಂತೆ ತಡೆದರು. ಆಮೇಲೆ ಹೊಳಪಮ್ಮನನ್ನು ಎಳೆದರೆ ಬಂದದ್ದು ಸೊಂಟದಿಂದ ಮೇಲಿನ ಅರ್ಧ ಮೈ. ಮೇಲೇರುತ್ತ ಗೋಳಿಟ್ಟಳು, "ಆ ಉಪ್ಪುನೀರು ನನ್ನ ತಿಂತು! ಆ ಪಂಪು ನನ್ನ ಮುರೀತು!"

ಬಂಡೆಯಕ್ಕ ಮುಖದ ಮೇಲೆ ಹೊಡೆದ ಹಾಗೆ ಅಂದಳು: "ಉಪ್ಪನ್ನೂ ತಡಕೊಂಡಿದ್ದೆ, ಎಳೆದಾಟವನ್ನೂ ತಡಕೊಂಡಿದ್ದೆ. ಎರಡೂ ಸೇರಿ ಸೀಳಿದ್ದು ಒಂದು ಕೂದಲೆಳೆಯಷ್ಟು. ಮಿಕ್ಕಿದ್ದನ್ನು ಸೀಳಿದ್ದು ನಿನ್ನ 'ನಂಗೇನಾಗಿದೆ' ಕಣೇ!"

ನೀತಿ: ಮೈ ಹೊಳೆಯುತ್ತಿದೆ ಎಂದು ಒಳಗಿನ ಬಿರುಕು ಮುಚ್ಚಿಡಬಾರದು. ಹೇಳಿಕೊಂಡರೆ ನಾಚಿಕೆ ಒಂದು ಗಳಿಗೆಯದು. ಮುಚ್ಚಿಟ್ಟರೆ, ನಮ್ಮನ್ನು ನಂಬಿ ಮನೆ ಕಟ್ಟಿದವರ ದೀಪವೂ ಆರುತ್ತದೆ.