ಕಿವಿಗೆ ಮಗ್ಗ ಹೂಡಿದ ನೇಕಾರ

"ಅವ್ವಾ, ಹಾಡಿನ ನಡುವೆ ನುಗ್ಗುವ ಜಾಹೀರಾತನ್ನು ತಡೆದರೆ ತಪ್ಪೇ?"

ಇಂದುಧರ ಹೀಗೆ ಕೇಳಿದ. ಕೇಳಿದ್ದು ತನಗೆ ಹಾಡು ಕಲಿಸುವ ಸಾತವ್ವನನ್ನು. ಸಾತವ್ವ ತತ್ವಪದ ಹಾಡುವವರು, ನಾಲ್ಕು ಜನಕ್ಕೆ ಕಲಿಸುವವರು. ಅವರಿಗೆ ಅಕ್ಷರ ಬಾರದು. ಮುನ್ನೂರು ಪದ ಬರುತ್ತವೆ. ಎಲ್ಲವೂ ಕಿವಿಯಿಂದ ಒಳಗಿಳಿದವು.

ಆ ದಿನ ಹುಣ್ಣಿಮೆ. ಹುಣ್ಣಿಮೆಯ ಸಂಜೆ ಸಾತವ್ವನ ಅಂಗಳದಲ್ಲಿ ಭಜನೆಗೆ ಜನ ಸೇರುತ್ತಾರೆ. ಅಂದು ಇಂದುಧರ ಮೊದಲ ಸಲ ಒಬ್ಬನೇ ಕೂತು ಒಂದು ಪದ ಹಾಡಬೇಕಿತ್ತು. ಅದು ಸಾತವ್ವನ ಗುರುಗಳ ಪದ. ಗುರುಗಳು ತೀರಿಹೋಗಿ ಬಹಳ ಕಾಲವಾಯಿತು. ಸಾತವ್ವನ ಗಂಟಲು ಈಗ ಆ ಎತ್ತರಕ್ಕೆ ಏರುವುದಿಲ್ಲ. ಬೇರೆ ಯಾರಿಗೂ ಆ ಪದ ಬಾರದು. ಆದರೆ ಗುರುಗಳು ಹಾಡಿದ್ದನ್ನು ಹಿಂದೆ ಯಾರೋ ಪುಣ್ಯಾತ್ಮರು ಹಿಡಿದಿಟ್ಟಿದ್ದರು. ಅದು ಹಾಡು ಕೇಳಿಸುವ ಒಂದು ಆ್ಯಪ್‌ನಲ್ಲಿ ಸಿಗುತ್ತಿತ್ತು. "ಅವರ ಬಾಯಿಂದಲೇ ಕಲಿ. ನಿನಗೆ ಹದಿನೈದು ದಿನ" ಎಂದು ಸಾತವ್ವ ಅಮಾವಾಸ್ಯೆಯ ದಿನ ಹೇಳಿ ಕಳಿಸಿದ್ದರು.

ಈಗ ಇಂದುಧರ ಲ್ಯಾಪ್‌ಟಾಪನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಬಂದಿದ್ದ. ಮುಖದಲ್ಲಿ ಗೆದ್ದುಬಂದವನ ಕಳೆಯಿತ್ತು.

"ಅದೇನಪ್ಪಾ ನುಗ್ಗುವುದು?" ಎಂದರು ಸಾತವ್ವ.

"ಒಂದು ಪದ ಮುಗಿಯುವುದೇ ತಡ ಅವ್ವಾ, ಹಲ್ಲುಪುಡಿ ತಗೊಳ್ಳಿ, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಒಬ್ಬಳು ಕಿರುಚುತ್ತಾಳೆ. ದುಡ್ಡು ಕಟ್ಟಿದವರಿಗೆ ಕಿರುಚುವುದಿಲ್ಲವಂತೆ. ನಾನು ಕಟ್ಟಿಲ್ಲ. ಆದರೆ ನನ್ನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ."

"ಅವನ್ಯಾರು?"

"ಯಾರೂ ಅಲ್ಲ ಅವ್ವಾ. ಕಂಪ್ಯೂಟರನ್ನು ನಡೆಸುವ ಏರ್ಪಾಡು. ಯಾರು ಬೇಕಾದರೂ ಒಳಗೆ ಕೈಯಾಡಿಸಿ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ನಾನೂ ಕೈಯಾಡಿಸಿದೆ. ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ಜಾಹೀರಾತಿನ ಹೆಸರು ಮೂಡಿದ ಕೂಡಲೇ ಅದು ಸದ್ದು ಅಡಗಿಸುತ್ತದೆ. ಹಾಡಿನ ಹೆಸರು ಬಂದಾಗ ಬಿಡುತ್ತದೆ. ಮೊದಮೊದಲು ತಡವಾಗಿ ಅಡಗುತ್ತಿತ್ತು. ಆಮೇಲೆ ಹಾಡನ್ನೇ ನುಂಗತೊಡಗಿತು. ತಿದ್ದಿದೆ, ಮತ್ತೆ ತಿದ್ದಿದೆ. ನಿನ್ನೆ ಸಂಜೆ ಸರಿಹೋಯಿತು ನೋಡಿ! ಈಗ ಆ ಹೆಂಗಸಿನ ಒಂದು ಉಸಿರೂ ಒಳಗೆ ಬರುವುದಿಲ್ಲ. ಆದರೆ ನಮ್ಮಕ್ಕ ಬೈಯುತ್ತಾಳೆ. ಆ ಕಿರುಚಾಟದಿಂದಲೇ ಹಾಡಿಗೆ ಅನ್ನ, ನೀನು ಮಾಡಿದ್ದು ಕಳ್ಳತನ ಅನ್ನುತ್ತಾಳೆ. ನೀವೇ ಹೇಳಿ, ತಪ್ಪೇ?"

ಸಾತವ್ವ ಏಕತಾರಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು. ಒರೆಸುತ್ತಲೇ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳೇ ಮಗಳು. ಮಗಳಿಗೆ ಮದುವೆ ಗೊತ್ತಾಯಿತು.

ಆ ಊರಿನಲ್ಲಿ ಒಂದು ರೂಢಿ. ಮದುವೆಯಾದ ಮಗಳನ್ನು ಕಳಿಸಿಕೊಡುವಾಗ ತಂದೆ ಹೊಸ್ತಿಲ ಮೇಲೆ ನಿಂತು ಒಂದು ಹಾಡು ಹೇಳಬೇಕು. ಹಾಡು ಮುಗಿಯುವ ತನಕ ಬೀಗರು ಬಂಡಿಗೆ ಎತ್ತು ಹೂಡುವ ಹಾಗಿಲ್ಲ. ಕಂಠ ಹೇಗೇ ಇರಲಿ, ಹೇಳಲೇಬೇಕು. ಹಿಂದೆ ಒಬ್ಬ ರೈತ ಸಾಲಿಗೊಂದು ಕೆಮ್ಮು ಕೆಮ್ಮಿ ಹಾಡು ಮುಗಿಸುವಷ್ಟರಲ್ಲಿ ಎತ್ತುಗಳು ಮಲಗಿಬಿಟ್ಟಿದ್ದವು. ಆದರೂ ಮುಗಿಸಿದ್ದ.

ನೇಕಾರನ ಮಗಳು ಒಂದೇ ಮಾತು ಹೇಳಿದಳು. "ಅಪ್ಪಾ, ನಾನು ಸಣ್ಣವಳಿದ್ದಾಗ ಒಬ್ಬ ಹಾಡುಗಾತಿ ಬಂದಿದ್ದಳಲ್ಲ, ಅವಳ ತವರಿನ ಹಾಡೇ ನನಗೆ ಬೇಕು. ಅದನ್ನು ನಿನ್ನ ಬಾಯಲ್ಲಿ ಕೇಳಿ ಹೋಗುತ್ತೇನೆ."

ನೇಕಾರ ಒಪ್ಪಿದ. ಅವನ ಅದೃಷ್ಟಕ್ಕೆ, ಮದುವೆಗೆ ಏಳು ದಿನ ಇರುವಾಗ ಅದೇ ಹಾಡುಗಾತಿ ಮತ್ತೆ ಊರಿಗೆ ಬಂದಳು. ಏಳು ಸಂಜೆ ಬೇವಿನ ಕಟ್ಟೆಯ ಮೇಲೆ ಕೂತು ಹಾಡಿ, ಎಂಟನೆಯ ದಿನ ಮುಂದಿನ ಊರಿಗೆ ಹೋಗುವವಳು. ಅವಳನ್ನು ಕರೆಸಿದವನು ಒಬ್ಬ ಎಣ್ಣೆ ವ್ಯಾಪಾರಿ. ಅವಳಿಗೆ ಊಟ, ವಸತಿ ಅವನದೇ. ಕೇಳಲು ಬಂದವರಿಂದ ಅವನು ಏನೂ ಬೇಡುತ್ತಿರಲಿಲ್ಲ. ಎರಡು ಹಾಡಿನ ನಡುವೆ ಮಾತ್ರ ಅವನ ಆಳು ಎದ್ದು ನಿಂತು, ತಮಟೆಗೆ ಮೂರು ಏಟು ಹಾಕಿ, ಗಂಟಲು ಬಿಚ್ಚಿ ಕೂಗುವನು:

"ಎಳ್ಳೆಣ್ಣೆ ಬಂತು, ಕುಸುಬೆಣ್ಣೆ ಬಂತು, ಗಾಣದಿಂದ ಈಗಷ್ಟೇ ಇಳಿದು ಬಂತು! ಬನ್ನಿರಿ ಅಕ್ಕ, ಬನ್ನಿರಿ ಅಣ್ಣ, ಗಡಿಗೆ ದೊಡ್ಡದು ತನ್ನಿ, ತರಬೇಡಿ ಸಣ್ಣ!"

ಇಷ್ಟೇ. ಕೂಗಿ ಕೂತುಬಿಡುವನು. ಆ ಹೊತ್ತಿಗೆ ಜನ ಎಲೆ ಅಡಿಕೆ ಮಡಿಸುವರು, ಮಕ್ಕಳ ಮೂಗು ಒರೆಸುವರು. ನೇಕಾರನ ಹೆಂಡತಿ ಕಂಡಿಕೆಗೆ ಒಂದಿಷ್ಟು ನೂಲು ಸುತ್ತುವಳು. ಹಾಡು ಶುರುವಾದರೆ ಕೈ ನಿಲ್ಲಿಸುವಳು.

ನೇಕಾರನಿಗೆ ಮಾತ್ರ ಮೈಯೆಲ್ಲ ಉರಿಯಿತು. "ಹಾಡು ಈಗಷ್ಟೇ ಕಿವಿಯಲ್ಲಿ ಕೂತಿರುತ್ತದೆ. ಈ ಮಹಾರಾಯ ಬಂದು ಎಬ್ಬಿಸಿ ಓಡಿಸುತ್ತಾನೆ. ಇವನಿಗೆ ಒಂದು ದಾರಿ ಮಾಡುತ್ತೇನೆ" ಎಂದ.

"ಕಿವಿಗೆ ಎರಡು ಬೆರಳು ಸಾಲದೇ?" ಎಂದಳು ಹೆಂಡತಿ.

"ಬೆರಳು ಎಲ್ಲರಿಗೂ ಇವೆ. ನಾನು ಕಸುಬುದಾರ" ಎಂದ ನೇಕಾರ.

ಮನೆಗೆ ಬಂದು ಕಸುಬು ತೋರಿಸಿದ. ಮಗ್ಗದಲ್ಲಿ ಕಾಲು ಒತ್ತಿದರೆ ನೂಲು ಎರಡಾಗಿ ಬಾಯಿ ತೆರೆಯುತ್ತದೆ, ಕಾಲು ಸಡಿಲಿಸಿದರೆ ಮುಚ್ಚುತ್ತದೆ. ಅದೇ ಲೆಕ್ಕ ಹಿಡಿದ. ಎರಡು ಬಿದಿರಿನ ದಬ್ಬೆ ಬಗ್ಗಿಸಿ ತಲೆಯ ರುಮಾಲಿನೊಳಗೆ ಸಿಕ್ಕಿಸಿದ. ತುದಿಗೆ ಒಂದೊಂದು ಅರಳೆಯ ಉಂಡೆ ಕಟ್ಟಿದ. ಉಂಡೆಯಿಂದ ಬಂದ ನೂಲನ್ನು ಅಂಗಿಯೊಳಗೆ ಇಳಿಬಿಟ್ಟು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡ. ಹೆಬ್ಬೆರಳು ಒತ್ತಿದರೆ ಉಂಡೆಗಳು ಕಿವಿಗೆ ಬಂದು ಕೂರಬೇಕು. ಎತ್ತಿದರೆ ಎದ್ದು ಹೋಗಬೇಕು. ಊರಿನಲ್ಲಿ ಇದ್ದದ್ದು ಹತ್ತು ಮಗ್ಗ. ಅಂದಿಗೆ ಹನ್ನೊಂದಾಯಿತು.

ಎರಡನೆಯ ಸಂಜೆ ಹೆಬ್ಬೆರಳು ತಡವಾಯಿತು. ಎಳ್ಳೆಣ್ಣೆ ಪೂರ್ತಿ ಒಳಗೆ ಬಂತು, ಕುಸುಬೆಣ್ಣೆ ಹೊರಗೆ ಉಳಿಯಿತು.

ಮೂರನೆಯ ಸಂಜೆ ಅವಸರ ಮಾಡಿದ. ಎಣ್ಣೆಯೇನೋ ಬರಲಿಲ್ಲ, ಹಾಡಿನ ಕೊನೆಯ ನುಡಿಯೂ ಬರಲಿಲ್ಲ.

ಆಗ ಅವನಿಗೆ ಹೊಳೆಯಿತು, ಅಭ್ಯಾಸ ಬೇಕು. ಹೆಂಡತಿಯನ್ನು ಎದುರಿಗೆ ಕೂರಿಸಿ, "ನೀನು ತಟ್ಟೆಗೆ ಮೂರು ಏಟು ಹಾಕಿ ಅವನ ಹಾಗೆ ಕೂಗು. ನಾನು ಹದ ನೋಡುತ್ತೇನೆ" ಎಂದ. ಅವಳು ನಕ್ಕು ನಕ್ಕು ಕೂಗಿದಳು. ಅವನು ತಿದ್ದಿದ. "ಹಾಗಲ್ಲ. ಕುಸುಬೆಣ್ಣೆ ಅನ್ನುವಾಗ ಸ್ವರ ಎತ್ತಬೇಕು. ಗಡಿಗೆಯ ಹತ್ತಿರ ಒಂದು ಚೂರು ನಿಲ್ಲಬೇಕು. ಎಲ್ಲಿ, ನಾನು ಹೇಳಿಕೊಡುತ್ತೇನೆ." ಹೀಗೆ ದಿನಕ್ಕೆ ನೂರು ಸಲ ನಡೆಯಿತು. ಮಗಳು ಮದುವೆಯ ಅಕ್ಕಿ ಕೇರುತ್ತ ಎಲ್ಲವನ್ನೂ ನೋಡುತ್ತಿದ್ದಳು.

ನಾಲ್ಕನೆಯ ಸಂಜೆ ಬೇರೆಯೇ ತೊಡಕು. ತಮಟೆಯ ಚರ್ಮ ಥಂಡಿಗೆ ಸಡಿಲಾಗಿತ್ತು. ಏಟು ಬಿದ್ದದ್ದೇ ಕೇಳಿಸಲಿಲ್ಲ. ಸುಳಿವಿಲ್ಲದೆ ಕೂಗು ಬಂದು ಕಿವಿಗೆ ಬಡಿಯಿತು. ನೇಕಾರ ಸುಮ್ಮನಿರುವವನೇ? ಮಾರನೆಯ ದಿನದಿಂದ ಸಂಜೆಗೆ ಮುಂಚೆಯೇ ಕಟ್ಟೆಗೆ ಹೋಗಿ, ಒಣಗಿದ ಎಲೆಗೆ ಬೆಂಕಿ ಹಚ್ಚಿ, ಆ ಆಳಿನ ತಮಟೆಯನ್ನು ತಾನೇ ಕಾಯಿಸಿ ಕೊಡತೊಡಗಿದ. ಏಟು ಖಣಿಲ್ ಎಂದರೆ ತಾನೇ ಹೆಬ್ಬೆರಳಿಗೆ ಗೊತ್ತಾಗುವುದು?

ಆಳಿಗೆ ಕಣ್ಣು ತುಂಬಿ ಬಂತು. "ಅಣ್ಣಾ, ಎಷ್ಟೋ ಊರು ತಿರುಗಿದ್ದೇನೆ. ನನ್ನ ಕೂಗಿಗೆ ಇಷ್ಟು ಮರ್ಯಾದೆ ಕೊಟ್ಟವನು ನೀನೊಬ್ಬನೇ" ಎಂದ.

"ನಿನ್ನ ಕೂಗು ಕೇಳಬಾರದು ಅಂತಲೇ ಇದೆಲ್ಲ ಮಾರಾಯಾ" ಎಂದ ನೇಕಾರ. ತಮಟೆಯ ಸದ್ದಿನಲ್ಲಿ ಆಳಿಗೆ ಅದು ಕೇಳಿಸಲಿಲ್ಲ.

ಐದು, ಆರು ಕಳೆದವು. ಏಳನೆಯ ಸಂಜೆ ಎಲ್ಲ ಕೂಡಿ ಬಂತು. ಮೂರನೆಯ ಏಟು ಬೀಳುವುದಕ್ಕೂ ಹೆಬ್ಬೆರಳು ಇಳಿಯುವುದಕ್ಕೂ ಸರಿಹೋಯಿತು. ಆಳು ಬಾಯಿ ಆಡಿಸುವುದು ಕಾಣುತ್ತದೆ, ಮಾತಿಲ್ಲ. ಅವನು ಕೂತ ಕೂಡಲೇ ಹೆಬ್ಬೆರಳು ಮೇಲೆ. ಒಂದು ಸಲವಲ್ಲ, ಒಂಬತ್ತು ಸಲ. ನೇಕಾರ ಕುಣಿಯುತ್ತ ಮನೆಗೆ ಬಂದ. "ಇವತ್ತು ಒಂದು ಹನಿ ಎಣ್ಣೆಯೂ ಒಳಗೆ ಬೀಳಲಿಲ್ಲ!" ಎಂದು ಬೀದಿಗೆಲ್ಲ ಹೇಳಿದ.

ಎಂಟನೆಯ ದಿನ ಬೆಳಿಗ್ಗೆ ಹಾಡುಗಾತಿ ಊರು ಬಿಟ್ಟಳು. ಅಂದೇ ಮದುವೆ. ಅಕ್ಷತೆ ಬಿತ್ತು, ಊಟವಾಯಿತು, ಕಳಿಸುವ ಹೊತ್ತು ಬಂತು. ಅಂಗಳದಲ್ಲಿ ಬಂಡಿ. ಪಕ್ಕದಲ್ಲಿ ನೊಗವಿಲ್ಲದೆ ನಿಂತ ಎತ್ತುಗಳು. ಹೊಸ್ತಿಲ ಮೇಲೆ ನೇಕಾರ. ಮಗಳು ತಲೆ ಬಗ್ಗಿಸಿ, ಅತ್ತರೆ ಒರೆಸಿಕೊಳ್ಳಲು ಸೆರಗು ಹಿಡಿದು ನಿಂತಳು. ಜನ ಗಲಾಟೆ ಮಾಡುತ್ತಿದ್ದರು. ಎಲ್ಲರೂ ಸುಮ್ಮನಾಗಲಿ ಎಂದು ಬೀಗರ ಕಡೆಯವನೊಬ್ಬ ತಮಟೆಗೆ ಮೂರು ಏಟು ಹಾಕಿದ.

ಮೂರು ಏಟು.

ನೇಕಾರನ ಹೆಬ್ಬೆರಳು ತಾನಾಗಿ ಇಳಿಯಿತು. ನೂಲಿರಲಿಲ್ಲ, ಉಂಡೆಯಿರಲಿಲ್ಲ. ತವರಿನ ಹಾಡಿಗೆಂದು ಬಾಯಿ ತೆರೆದ. ಹುಡುಕಿದ. ಒಳಗೆ ಅದರ ಮೊದಲ ಸಾಲೂ ಇರಲಿಲ್ಲ. ಇದ್ದದ್ದು ಒಂದೇ. ಅದು ಎತ್ತರದ ಸ್ವರದಲ್ಲಿ, ಒಂದಕ್ಷರವೂ ತಪ್ಪದೆ ಹೊರಗೆ ಬಂತು:

"ಎಳ್ಳೆಣ್ಣೆ ಬಂತು, ಕುಸುಬೆಣ್ಣೆ ಬಂತು, ಗಾಣದಿಂದ ಈಗಷ್ಟೇ ಇಳಿದು ಬಂತು..."

ಗಡಿಗೆಯ ಹತ್ತಿರ ಒಂದು ಚೂರು ನಿಂತು, ಕೊನೆಯ ತನಕ ಹೇಳಿದ.

ಮೊದಲು ನಕ್ಕವಳು ಮಗಳು. ಅವಳು ನಕ್ಕದ್ದೇ, ಬೀಗರು ನಕ್ಕರು, ಊರು ನಕ್ಕಿತು. ಇದು ಹಾಡೋ ಅಲ್ಲವೋ ಎಂದು ಹಿರಿಯರು ತಲೆಗೆ ತಲೆ ಸೇರಿಸಿದರು. ಬೀಗರ ಮನೆಯ ಮುದುಕಿ ಮುಂದೆ ಬಂದು, "ನಮ್ಮ ಮನೆಯಲ್ಲಿ ಎಣ್ಣೆಗೆ ಕೊರತೆಯಾಗದಿರಲಿ ಅಂತ ಹರಸಿದ್ದಾರೆ ನಮ್ಮ ಬೀಗರು. ಹೂಡಿರಪ್ಪಾ ಎತ್ತು!" ಎಂದಳು. ಹೂಡಿದರು. ತವರು ಬಿಡುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂಡಿ ಹತ್ತಿದ ಹೆಣ್ಣು ಆ ಊರಿನಲ್ಲಿ ಅವಳೊಬ್ಬಳೇ. ತಿರುವಿನಲ್ಲಿ ಮಾತ್ರ ಒಮ್ಮೆ ಹಿಂತಿರುಗಿ ಅಪ್ಪನ ಕಡೆ ನೋಡಿದಳು. ಹಾಡು ಇನ್ನೂ ಬರಬಹುದೇನೋ ಎಂಬಂತೆ ನೋಡಿದಳು.

ಬಂಡಿ ಮರೆಯಾಯಿತು. ಜನ ಚದುರಿದರು. ನೇಕಾರ ಜಗುಲಿಯ ಮೇಲೆ ಕೂತ. ಹೆಂಡತಿ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತ ಮೆಲ್ಲಗೆ ಏನೋ ಹಾಡಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ನೇಕಾರನ ಎದೆ ತುಂಬಿತು.

"ಎಂಥ ಒಳ್ಳೆಯ ಹಾಡೇ ಇದು! ಎಲ್ಲಿ ಕಲಿತೆ?" ಎಂದ.

ಹೆಂಡತಿ ಕೈ ನಿಲ್ಲಿಸಿದಳು. "ಏಳು ಸಂಜೆ ನಿಮ್ಮ ಪಕ್ಕದಲ್ಲೇ ಕೂತಿದ್ದೆನಲ್ಲ" ಎಂದಳು.

ಇಷ್ಟು ಹೇಳಿ ಸಾತವ್ವ ಕತೆ ನಿಲ್ಲಿಸಿದರು.

ಇಂದುಧರ ಆಗಿನಿಂದ ನಗುತ್ತಿದ್ದ. ತಮಟೆ ಕಾಯಿಸಿ ಕೊಟ್ಟಲ್ಲಿಂದ ಶುರುವಾದ ನಗು, ಹೊಸ್ತಿಲಿಗೆ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ತರಿಸಿತ್ತು. ಲ್ಯಾಪ್‌ಟಾಪ್ ತೊಡೆಯಿಂದ ಜಾರುತ್ತಿತ್ತು. ಅದನ್ನು ಸರಿಪಡಿಸಿಕೊಂಡು ಕಣ್ಣೊರೆಸಿಕೊಂಡ.

"ಎಂಥ ಪೆದ್ದ ಅವ್ವಾ ಆ ನೇಕಾರ! ಇರಲಿ, ನನ್ನ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲವಲ್ಲ ನೀವು?"

ಸಾತವ್ವ ಏಕತಾರಿಯನ್ನು ಹೆಗಲಿಗೆ ಒರಗಿಸಿಕೊಂಡರು. ತಂತಿಯನ್ನು ಮೂರು ಸಲ ಮೀಟಿ, ಶಿಷ್ಯನ ಮುಖವನ್ನು ಪ್ರೀತಿಯಿಂದ ನೋಡಿದರು.

"ಹೇಳೋಣ ಮಗನೇ, ಮೊದಲು ಆ ಪದ ಹಾಡು."