ಮೆತ್ತನೆಯ ಅಂಗೈ

ಇದನ್ನು ನಂಬೋದಿಲ್ಲ ಅನ್ನುವ ಗಂಡಸಿದ್ದರೆ ಈಗಲೇ ಎದ್ದು ಹೋಗಲಿ. ಜಾಗ ಖಾಲಿಯಾದೀತು, ಕತೆ ನಿಲ್ಲುವುದಿಲ್ಲ. ಪಾಳೇಗಾರ ಹಾಲಪ್ಪನಾಯಕನ ಬಾಯಿ ಮುಚ್ಚಿಸಿದವನು ಈ ಕೆಂಚ, ನಾನೇ. ಅದೂ ನಾಯಕನದೇ ಬಾಯಿಂದ.

ನಾಯಕನ ಮೀಸೆಗಿಂತ ಉದ್ದವಾದದ್ದು ಅವನ ಮಾತು. "ಈ ಸೀಮೆಯ ಮಕ್ಕಳೆಲ್ಲ ನನ್ನ ಮಕ್ಕಳು" ಎಂದು ಹಬ್ಬಹಬ್ಬಕ್ಕೂ ಡಂಗುರ ಹೊಡೆಸುತ್ತಿದ್ದ. ಆ ಮಕ್ಕಳನ್ನೇ ಅರಮನೆ ಗೋಡೆಗೆ ಸುಣ್ಣ ಹೊರಲು ಹಚ್ಚಿದ್ದ. ದೊಡ್ಡವರಾದರೆ ಕೂಲಿ ಕೇಳುತ್ತಾರೆ, ಮಕ್ಕಳು ಅತ್ತು ಸುಮ್ಮನಾಗುತ್ತವೆ.

ಮಾಳವ್ವನ ಮಗಳು ಈರಿಯ ಅಂಗೈ ಸುಣ್ಣಕ್ಕೆ ಬೆಂದು ತುತ್ತು ಹಿಡಿಯಲಾರದಂತಾಯಿತು. ತಾಯಿ ಆಸ್ಥಾನಕ್ಕೆ ಬಂದು ಸೆರಗೊಡ್ಡಿ, ಆಡೋ ವಯಸ್ಸು, ಬಿಟ್ಟುಬಿಡಿ ಎಂದಳು. ಮಕ್ಕಳಿಗೆಂಥ ಹಕ್ಕು, ತಂದೆ ಹೇಳಿದ್ದೇ ಕಟ್ಟಳೆ ಅಂದ ನಾಯಕ. ಪಂಡಿತರು ತಲೆಯಾಡಿಸಿದರು. ಕೋಲೆಬಸವನಿಗಾದರೂ ಇಲ್ಲ ಅನ್ನಲು ಬರುತ್ತದೆ.

ಆಸ್ಥಾನದಲ್ಲಿ ಕೂತಿದ್ದ ನಾನು ಎದ್ದೆ. "ಬುದ್ಧಿ, ತಂದೆಗೆ ಮಗನ ಗುರುತು ಸಿಗಬೇಕಲ್ಲ? ನಾಳೆ ಸುಣ್ಣದ ಮಕ್ಕಳ ಸಾಲಲ್ಲಿ ತಮ್ಮ ಮಗ ಚಿಕ್ಕದೊರೆಯನ್ನೂ ನಿಲ್ಲಿಸ್ತೀನಿ. ಇವನೇ ಅಂತ ಮುಟ್ಟಿ ತೋರಿಸಿದರೆ ಸುಣ್ಣವೆಲ್ಲ ನಾನೇ ಹೊರ್ತೀನಿ."

ಗೆಲ್ಲುವ ಪಂಥವೆಂದರೆ ನಾಯಕನಿಗೆ ಪ್ರಾಣ. ಒಪ್ಪಿದ.

ಎಲ್ಲರಿಗೂ ತಲೆಯಿಂದ ಮೊಣಕಾಲವರೆಗೆ ಗೋಣಿತಾಟಿನ ಕೊಪ್ಪೆ ಹಾಕಿಸಿದೆ, ಮುಖಕ್ಕೆ ಅಕ್ಕಿಹಿಟ್ಟು ಬಳಿದೆ. ಕೇಳಿದರೆ ಎಲ್ಲರೂ ಅಪ್ಪಾಜಿ ಅನ್ನಿ ಎಂದು ಹೇಳಿಕೊಟ್ಟೆ. ಚಿಕ್ಕದೊರೆಗಂತೂ ಜನ್ಮದಲ್ಲೇ ಇಂಥ ಆಟ ಸಿಕ್ಕಿರಲಿಲ್ಲ.

ನಾಯಕ ಸಾಲಿನುದ್ದ ನಡೆದ. ಬಾಯಿಬಾಯಲ್ಲೂ ಅಪ್ಪಾಜಿ. ಒಬ್ಬನ ಕಿವಿ ಹಿಡಿದ, ಬಿಟ್ಟ. ಬೆವರೊರೆಸಿಕೊಂಡ. ಆಮೇಲೆ ಮೀಸೆಯಡಿಯಲ್ಲಿ ನಕ್ಕು, ಎಲ್ಲರೂ ಕೈ ಚಾಚಿ ಅಂದ.

ಒಂದು ಜೊತೆ ಅಂಗೈ ಬೆಣ್ಣೆಯಂತಿತ್ತು. ಮಿಕ್ಕವೆಲ್ಲ ಒಡೆದು ಕೀವು ಕಟ್ಟಿದ್ದವು.

"ಮೆತ್ತಗಿರೋದು ನನ್ನ ಮಗ. ಸೋತೆಯಲ್ಲೋ ಕೆಂಚಾ."

"ಸೋತೆ ಬುದ್ಧಿ. ಬೆಂದ ಕೈಯವು ತಮ್ಮ ಮಕ್ಕಳಲ್ಲ ಅಂತ ತಾವೇ ಅಪ್ಪಣೆ ಕೊಡಿಸಿದಿರಿ. ಇನ್ನು ತಂದೆಯ ಕಟ್ಟಳೆ ಯಾರ ಮೇಲೆ? ಇಲ್ಲ, ಇವೂ ತಮ್ಮ ಮಕ್ಕಳೇ ಅಂದರೆ, ಕೈ ಯಾಕೆ ಬೇರೆ?"

ಪಂಡಿತರ ತಲೆಗಳು ಮೊದಲ ಸಲ ನಿಂತವು. ಅಷ್ಟರಲ್ಲಿ ಚಿಕ್ಕದೊರೆ ಪಕ್ಕದಲ್ಲಿದ್ದ ಈರಿಯ ಅಂಗೈ ಹಿಡಿದುಕೊಂಡು, "ಅಪ್ಪಾಜಿ, ಇದು ಉರಿಯೋದಿಲ್ವಾ?" ಎಂದ.

ನಾಯಕ ನಕ್ಕುಬಿಟ್ಟ. ಸಿಕ್ಕಿಬಿದ್ದ ದೊರೆಗಳು ಓಡಿಹೋಗುವುದು ಹಾಗೆಯೇ, ನಗುತ್ತ. ಅಂದೇ ಮಕ್ಕಳ ಕೈಗೆ ಬೆಣ್ಣೆ ಹಚ್ಚಿಸಿ, ಹೊರೆ ಬಿಡಿಸಿ, ಅಕ್ಷರ ಕಲಿಯಲು ಐಗಳ ಮಠಕ್ಕೆ ಕಳಿಸಿದ.

ಪಂಥ ಮಾತ್ರ ಪಂಥವೇ. ನನಗೆ ಕೊಟ್ಟದ್ದು ಈರಿಯ ಬುಟ್ಟಿ, ಅದರ ತುಂಬ ಸುಣ್ಣ.