ಬೆಳ್ಳಕ್ಕನ ಮೂರಂತಸ್ತಿನ ಪಾತ್ರೆ

ಮಕ್ಕಳೇ, ಹೊಂಗೆ ಮರಗಳ ಕಾಡಿನಲ್ಲಿ ಒಂದು ಕೆರೆ ಇತ್ತು. ಅದರ ದಂಡೆಯ ಬಿಲದಲ್ಲಿ ಬೆಳ್ಳಕ್ಕ ಎಂಬ ಮೊಲ ವಾಸವಾಗಿದ್ದಳು. ಅವಳ ಕೈರುಚಿ ಕಾಡಿಗೆಲ್ಲ ಗೊತ್ತು. ಯಾರ ಮನೆಯಲ್ಲಿ ಮರಿ ಹುಟ್ಟಿದರೂ ಬಾಣಂತಿಗೆ ಮೊದಲ ಊಟ ಬೆಳ್ಳಕ್ಕನ ಮನೆಯಿಂದಲೇ ಹೋಗುತ್ತಿತ್ತು.

ಅವಳಿಗೆ ಒಂದೇ ಒಂದು ಚಪಲ. ಅಡುಗೆಮನೆಗೆ ಹೊಸದೇನು ಕಂಡರೂ ಬೇಕೇ ಬೇಕು. ಬೆಳ್ಳುಳ್ಳಿ ಸುಲಿಯುವ ಕೊಳವೆ, ಉಂಡೆ ಕಟ್ಟುವ ಅಚ್ಚು, ಮೊಟ್ಟೆ ಹೆಚ್ಚುವ ತಂತಿ, ಎಲ್ಲವೂ ಅವಳ ಬಿಲದಲ್ಲಿದ್ದವು. ಮೊಲಗಳು ಮೊಟ್ಟೆ ತಿನ್ನುವುದಿಲ್ಲ ಎಂಬುದು ಕೊಂಡ ಮೇಲೆ ನೆನಪಾಗಿತ್ತು. ಈ ಸಾಮಾನುಗಳ ನಡುವೆ ಜಾಗ ಸಾಲದೆ ಅವಳು ಬಾಗಿಲ ಬಳಿ ಮುದುರಿ ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ಪಾತ್ರೆ ಮಾರುವ ಕರಿಮುಖದ ಕೋತಿ, ಮುಸುವ ಬಾಲಯ್ಯ ಬಂದ. ಹೆಗಲಿನ ಗಂಟು ಬಿಚ್ಚಿ ಫಳಫಳ ಹೊಳೆಯುವ ಪಾತ್ರೆಯೊಂದನ್ನು ಅವಳ ಮುಂದಿಟ್ಟ. ಅದಕ್ಕೆ ಒಂದರ ಮೇಲೊಂದು ಮೂರು ಅಂತಸ್ತು.

“ಕೆಳಗೆ ಸಾರು, ನಡುವೆ ಅನ್ನ, ಮೇಲೆ ಪಲ್ಯ. ಒಲೆ ಹಚ್ಚಿ ನೀನು ಸುಮ್ಮನೆ ಕೂತಿರು ಬೆಳ್ಳಕ್ಕ. ಅಡುಗೆ ತಾನಾಗಿ ಆಗುತ್ತದೆ.”

“ಬದಲಿಗೆ ಏನು ಕೊಡಬೇಕಣ್ಣ?”

“ಒಲೆಯ ಮೇಲಿದೆಯಲ್ಲ, ಆ ಹಳೆಯ ಕಂಚಿನ ಪಾತ್ರೆ. ಅಷ್ಟು ಕೊಟ್ಟರೆ ಸಾಕು.”

ದಪ್ಪ ತಳದ ಆ ಪಾತ್ರೆಯಲ್ಲೇ ಅವಳು ದಿನವೂ ಅಡುಗೆ ಮಾಡುತ್ತಿದ್ದದ್ದು. ಆದರೂ, “ಅದು ಬಲು ಭಾರ, ನೋಡಲಿಕ್ಕೂ ಚೆಂದವಿಲ್ಲ” ಎಂದುಕೊಂಡು ಕೊಟ್ಟುಬಿಟ್ಟಳು.

ಬಾಲಯ್ಯ ಅತ್ತ ಹೋದ, ಇತ್ತ ಮುಂಗುಸಿ ಕೆಂಚಣ್ಣ ಓಡುತ್ತಾ ಬಂದ.

“ಬೆಳ್ಳಕ್ಕ, ನನ್ನವಳು ಮೂರು ಮರಿ ಹಾಕಿದಳು. ನಿನ್ನೆಯಿಂದ ಏನೂ ತಿಂದಿಲ್ಲ, ತೀರಾ ನಿತ್ರಾಣವಾಗಿದ್ದಾಳೆ. ಮರಿಗಳಿಗೆ ಹಾಲೂ ಇಳಿಯುತ್ತಿಲ್ಲ.”

“ನೀನು ಹೋಗಿ ಅವಳ ಹತ್ತಿರ ಕೂತಿರಪ್ಪ. ಮೆತ್ತನೆಯ ಅನ್ನ, ಮೆಣಸಿನ ಸಾರು ಈಗ ತಂದೆ.”

ಬೆಳ್ಳಕ್ಕ ಮೂರಂತಸ್ತಿನ ಪಾತ್ರೆಯನ್ನು ಒಲೆಗೆ ಏರಿಸಿದಳು. ಅದರ ತಳ ಎಲೆಯಷ್ಟು ತೆಳ್ಳಗಿತ್ತು. ಕೆಳಗಿನ ಸಾರು ತಳ ಹಿಡಿಯಿತು. ನಡುವಿನ ಅಕ್ಕಿ ಅರ್ಧ ಬೆಂದು ನಿಂತಿತು. ಮೇಲಿನ ಸೊಪ್ಪು ಬಿಸಿ ಕೂಡ ಆಗಲಿಲ್ಲ. ಉರಿ ಜೋರು ಮಾಡಿದಳು. ತಳ ತೂತಾಗಿ ಸಾರೆಲ್ಲ ಸುರಿದು ಒಲೆಯೇ ಆರಿತು.

ಬೇರೆ ಪಾತ್ರೆಗಾಗಿ ಬಿಲವನ್ನೆಲ್ಲ ತಡಕಾಡಿದಳು. ಅಷ್ಟೊಂದು ಸಾಮಾನಿನಲ್ಲಿ ಒಂದು ಹಿಡಿ ಅಕ್ಕಿ ಬೇಯಿಸಲು ಆಗುವಂಥದ್ದು ಒಂದೂ ಇರಲಿಲ್ಲ. ಹಸಿದ ಬಾಣಂತಿಯ ನೆನಪಾಗಿ ಅವಳ ಕಣ್ಣು ತುಂಬಿತು. ಬಾಲಯ್ಯ ಹೋದ ದಾರಿ ಹಿಡಿದು ಓಡಿದಳು.

ಅತ್ತಿಮರದ ಕೆಳಗೆ ಅವನು ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದ. ಮಸಿ ಹಿಡಿದ ಮಣ್ಣಿನ ಮಡಕೆಯಲ್ಲಿ ಅನ್ನ ತಕತಕ ಕುದಿಯುತ್ತಿತ್ತು.

“ಬಾಲಯ್ಯಣ್ಣ, ನಿನ್ನ ಗಂಟಿನಲ್ಲಿ ಮೂರಂತಸ್ತಿನವು ಇನ್ನೂ ಎರಡು ಇವೆಯಲ್ಲ. ನೀನೇಕೆ ಮಡಕೆಯಲ್ಲಿ ಬೇಯಿಸುತ್ತೀಯ?”

“ಅವು ಮಾರುವುದಕ್ಕೆ ಅಕ್ಕ. ಉಣ್ಣುವುದಕ್ಕೆ ಇದೇ ಸರಿ,” ಎಂದ ಬಾಲಯ್ಯ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಬೆಳ್ಳಕ್ಕ ಜಗಳಕ್ಕೆ ನಿಲ್ಲಲಿಲ್ಲ. “ಪಾತ್ರೆ ತೂತಾಯಿತಣ್ಣ. ಅಲ್ಲಿ ಬಾಣಂತಿ ಹಸಿದು ಮಲಗಿದ್ದಾಳೆ,” ಎಂದಳು ಅಷ್ಟೆ.

ಬಾಲಯ್ಯನ ಮುಖ ಸಣ್ಣದಾಯಿತು. ಕಂಚಿನ ಪಾತ್ರೆಯನ್ನು ಗಂಟಿನಿಂದ ತೆಗೆದು ಅವಳ ಕೈಗಿತ್ತ. “ಬೇಳೆ, ಮೆಣಸು ನನ್ನ ಹತ್ತಿರವೇ ಇದೆ, ಸಾರು ಇಲ್ಲೇ ಮಾಡಿಬಿಡು. ಅನ್ನ ಬೆಂದಿದೆ, ಇದನ್ನೇ ಕೊಂಡುಹೋಗೋಣ. ನಾನು ಅತ್ತಿಹಣ್ಣು ತಿಂದುಕೊಳ್ಳುತ್ತೇನೆ.”

ಸಾರು ಕುದಿಯಿತು. ಇಬ್ಬರೂ ಸೇರಿ ಊಟ ಹೊತ್ತುಕೊಂಡು ಹೋದರು. ಬಾಣಂತಿ ಎರಡು ಸಲ ಬಡಿಸಿಕೊಂಡು ಉಂಡಳು. ಸಂಜೆಯ ಹೊತ್ತಿಗೆ ಮೂರು ಮರಿಗಳೂ ಹಾಲು ಕುಡಿದು ನಿದ್ದೆ ಹೋದವು.

ಮುಂದಿನ ತಿಂಗಳು ಬಾಲಯ್ಯ ಮತ್ತೆ ಬಂದು ಗಂಟು ಬಿಚ್ಚಿದಾಗ ಬೆಳ್ಳಕ್ಕ ಹೇಳಿದಳು: “ಯಾವುದು ಏನೇನು ಮಾಡುತ್ತದೆ ಎಂದು ಹೇಳಬೇಡಣ್ಣ. ಇದರಲ್ಲಿ ನೀನು ದಿನವೂ ಬಳಸುವಂಥದ್ದು ಯಾವುದು, ಅದನ್ನು ತೋರಿಸು.”

ಬಾಲಯ್ಯ ಗಂಟಿನ ಸಾಮಾನೆಲ್ಲ ನೆಲಕ್ಕೆ ಹರಡಿದ. ಒಂದೊಂದನ್ನೇ ಪಕ್ಕಕ್ಕೆ ಸರಿಸಿ, ಕೊನೆಗೆ ಒಂದು ಮರದ ಸೌಟನ್ನು ಎತ್ತಿಕೊಟ್ಟ.

ಬೆಳ್ಳಕ್ಕ ಅವನಿಗೆ ಬೊಗಸೆ ತುಂಬ ಕಡಲೆಕಾಯಿ ಕೊಟ್ಟಳು.

ನೀತಿ: ಹೊಳಪಿಗೆ ಮರುಳಾಗಿ ಕೊಳ್ಳಬೇಡ, ದಿನದ ಕೆಲಸಕ್ಕೆ ಒದಗುವುದನ್ನು ನೋಡಿ ಕೊಳ್ಳು.